ಗಾಡಿಯ ಹಣೆ

ನನ್ನ ಬೈಕು ಮೆಕ್ಯಾನಿಕ್ಕಿನ ಕಣ್ಣೆದುರು ಒಂದು ಸಲವೂ ಕೆಟ್ಟು ನಿಲ್ಲುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ತುಮಕೂರಿನ ಸದಾಶಿವನಗರದ ಮನೆಯಿಂದ ಗುಬ್ಬಿಯ ಹೈಸ್ಕೂಲಿಗೆ ದಿನವೂ ಹೋಗಿಬರುವ ವಿಜ್ಞಾನದ ಮೇಷ್ಟ್ರು ನಾನು. ಹೆಗ್ಗೆರೆ ದಾಟುವವರೆಗೆ ಗಾಡಿ ಸುಖವಾಗಿ ಹೋಗುತ್ತಿತ್ತು. ಮಲ್ಲಸಂದ್ರ ಹತ್ತಿರವಾದಂತೆ ಎರಡು ಸಲ ಮುಗ್ಗರಿಸಿ, ಒಂದು ಸಲ ಕೆಮ್ಮಿ, ಸುಮ್ಮನಾಗಿಬಿಡುತ್ತಿತ್ತು. ಅದೂ ದಿನಾ ಅಲ್ಲ. ದಿನಾ ನಿಂತಿದ್ದರೆ ಅದಕ್ಕೂ ಒಂದು ನಿಯತ್ತಿದೆ ಅನ್ನಬಹುದಿತ್ತು. ಇದು ಸೋಮವಾರ ನಿಂತು, ಮಂಗಳವಾರ ಓಡಿ, ಬುಧವಾರ ನನ್ನ ಮೊದಲ ಪೀರಿಯಡ್ಡನ್ನು ನುಂಗಿ, ಗುರುವಾರ ಏನೂ ಗೊತ್ತಿಲ್ಲದಂತೆ ಇರುತ್ತಿತ್ತು.

ರಸ್ತೆ ಬದಿ ಗಾಡಿ ನಿಲ್ಲಿಸಿಕೊಂಡವನಿಗೆ ನಮ್ಮ ಕಡೆ ಒಂಟಿತನದ ಭಯವಿಲ್ಲ. ಐದು ನಿಮಿಷದೊಳಗೆ ಮೂವರು ಸೇರುತ್ತಾರೆ, ಮೂವರಿಗೂ ಕಾಯಿಲೆ ಗೊತ್ತಿರುತ್ತದೆ, ಮೂರೂ ಬೇರೆಬೇರೆ ಕಾಯಿಲೆ. ಎಲ್ಲರೂ ಮೊದಲು ಕೇಳುವ ಪ್ರಶ್ನೆ ಮಾತ್ರ ಒಂದೇ: "ಪೆಟ್ರೋಲ್ ಐತಾ ಸಾರ್?" ಮೇಷ್ಟ್ರು ಪೆಟ್ರೋಲ್ ಹಾಕಿಸುವುದನ್ನು ಮರೆಯುವವರು ಎಂಬ ನಂಬಿಕೆ ತಾಲ್ಲೂಕಿನಲ್ಲೆಲ್ಲ ಇದೆ. ಮರ್ಯಾದೆ ಉಳಿಸಿಕೊಳ್ಳಲು ನಾನು ಬೀಗದ ಕೈ ಹಾಕಿ ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿಯನ್ನು ಅತ್ತಿತ್ತ ಅಲ್ಲಾಡಿಸಿ, ಒಳಗೆ ಪೆಟ್ರೋಲು ತುಳುಕುವುದನ್ನು ತೋರಿಸುತ್ತಿದ್ದೆ. ಮುಚ್ಚಿ ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್. ಇದು ನನ್ನ ಕೈಗುಣ ಎಂದು ಎರಡು ತಿಂಗಳು ನಂಬಿದ್ದೆ.

ಮೊದಲ ಮೆಕ್ಯಾನಿಕ್ಕು ಪ್ಲಗ್ ಬದಲಾಯಿಸಿದ. ಎರಡನೆಯವನು ಕಾರ್ಬೊರೇಟರು ಬಿಚ್ಚಿ ತೊಳೆದು, "ಇನ್ನು ಹತ್ತು ವರ್ಷ ಯೋಚ್ನೆ ಇಲ್ಲ" ಎಂದ. ಆ ಹತ್ತು ವರ್ಷ ಮುಂದಿನ ಸೋಮವಾರಕ್ಕೆ ಮುಗಿಯಿತು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಪಿ.ಟಿ. ಮೇಷ್ಟ್ರು ನಂಜುಂಡಪ್ಪ ಕುಣಿಗಲ್ಲಿನವರು. ಅವರ ತಾತ ಅಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರಂತೆ, ಹಾಗಾಗಿ ಪ್ರಪಂಚದ ಸಕಲ ಸಮಸ್ಯೆಗೂ ಅವರ ಹತ್ತಿರ ಒಂದು ಕುದುರೆ ಇರುತ್ತದೆ. "ಓಡೋ ಕುದ್ರೆ ಸುಮ್ಸುಮ್ನೆ ನಿಂತ್ರೆ ನಮ್ ತಾತ ಕಾಲು ನೋಡ್ತಿರ್ಲಿಲ್ಲ ಸಾರ್, ಮೊದ್ಲು ಮೂಗಿನ್ ಹತ್ರ ಕೈ ಇಡ್ತಿದ್ರು" ಎಂದರು. ಬೈಕಿಗೆ ಮೂಗೆಲ್ಲಿದೆ ಎಂದು ನಾವೆಲ್ಲ ನಕ್ಕೆವು. ಆ ನಗುವಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮನೆಯಲ್ಲಿ ವಿಷಯ ನಗುವ ಹಂತ ದಾಟಿತ್ತು. ನನ್ನ ಹೆಂಡತಿ ತೀರ್ಪು ಕೊಟ್ಟಾಗಿತ್ತು: "ರೀ, ಇನ್ನೊಂದ್ಸಲ ನಿಂತ್ರೆ ಇದನ್ನ ಕೊಟ್ಬಿಟ್ಟು ಸ್ಕೂಟರ್ ತಗೋಳೋದೇ." ಸ್ಕೂಟರಿನ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ನಮ್ಮಮ್ಮ ತನ್ನ ತವರು ಕಡಬಕ್ಕೆ ಹೋಗುವುದು ಈ ಬೈಕಿನ ಹಿಂದೆ ಕೂತು ಮಾತ್ರ. ಬಸ್ಸಿನಲ್ಲಿ ತಲೆ ಸುತ್ತುತ್ತದೆ, ಸ್ಕೂಟರಿನಲ್ಲಿ ಜಾರಿಹೋಗುತ್ತೇನೆಂಬ ಭಯ. ಬೈಕಿನ ಉದ್ದನೆಯ ಸೀಟಿನಲ್ಲಿ ಒಂದು ಕಡೆಗೆ ಕಾಲು ಹಾಕಿ, ನನ್ನ ಭುಜ ಹಿಡಿದು ಕೂತರೆ ಅಮ್ಮ ಕಡಬದ ಕೆರೆ ಕಾಣುವವರೆಗೂ ಮಾತು ನಿಲ್ಲಿಸುವುದಿಲ್ಲ. ಮನೆಯಲ್ಲಿ ಅಮ್ಮನ ಜೊತೆ ಮುಕ್ಕಾಲು ಗಂಟೆ ಮಾತಾಡುವುದು ನನಗೆ ಸಾಧ್ಯವಾಗದೆ ಎಷ್ಟೋ ವರ್ಷವಾಗಿತ್ತು. ಈ ಗಾಡಿ ಹೋದರೆ ಆ ಮಾತೂ ಹೋಗುತ್ತದಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಅಮ್ಮ ಮಾತ್ರ ಧೈರ್ಯ ಬಿಟ್ಟಿರಲಿಲ್ಲ. ಅವಳ ಔಷಧ ಬೇರೆ. ಪ್ರತಿ ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ, ಅಂಗೈಯಲ್ಲಿ ನೀರು ಹಾಕಿ ವಿಭೂತಿ ಗಟ್ಟಿಯನ್ನು ತೇಯ್ದುಕೊಂಡು ಅಂಗಳಕ್ಕೆ ಬರುತ್ತಾಳೆ. ಮನೆಮಂದಿಗೆಲ್ಲ ಮೂರು ಬೆರಳಿನ ಪಟ್ಟೆ. ನಾನು ಕೆಲಸಕ್ಕೆ ಸೇರಿದ ಮೇಲೆ ಆ ಹೊತ್ತಿಗೆ ಹೆಲ್ಮೆಟ್ ಹಾಕಿಕೊಂಡುಬಿಡುತ್ತೇನೆ. ಬೆವರಿಗೆ ಹಣೆ ಕಡಿಯುತ್ತದೆ ಎಂಬುದು ನನ್ನ ಕಾಯಂ ನೆಪ. ಹಾಗಾಗಿ ವಿಭೂತಿ ನನ್ನನ್ನು ದಾಟಿ ಬೈಕಿಗೆ ಹೋಗುತ್ತಿತ್ತು. ಊರವರೆಲ್ಲ ಹೆಡ್‌ಲೈಟಿಗೆ ಹಚ್ಚುತ್ತಾರೆ. ಅಮ್ಮ ಹಾಗಲ್ಲ. "ಲೈಟು ಕಣ್ಣು ಕಣೋ. ಕಣ್ಣಿಗೆ ಯಾರಾದ್ರೂ ಇಬೂತಿ ಬಳೀತಾರಾ? ಹಣೆ ಅದ್ರಿಂದ ಮೇಲಿರ್ತದೆ" ಎಂದು ಟ್ಯಾಂಕಿನ ಮುಚ್ಚಳವನ್ನೇ ಗಾಡಿಯ ಹಣೆಯೆಂದು ತೀರ್ಮಾನಿಸಿದ್ದಳು. ಸೋಮವಾರ ಗಾಡಿ ಕೆಟ್ಟು ನಿಂತಿತೆಂದು ತಿಳಿದರೆ, ಮಂಗಳವಾರ ಕಳೆದು ಬುಧವಾರ ಇನ್ನೊಂದು ಸಲ ದಪ್ಪಗೆ ಹಚ್ಚುತ್ತಿದ್ದಳು. ನಿಂತ ಗಾಡಿ ಮತ್ತೆ ಹೊರಟು ಮಗ ಮನೆ ಸೇರಿದ್ದು ಅದರಿಂದಲೇ ಎಂದು ಪಕ್ಕದ ಮನೆಯವರಿಗೂ ಹೇಳಿಕೊಂಡಿದ್ದಳು.

ಕೊನೆಗೆ ಕುಣಿಗಲ್ ರಸ್ತೆಯಲ್ಲಿ ಸಣ್ಣ ಗ್ಯಾರೇಜಿಟ್ಟುಕೊಂಡಿರುವ ಮುನೀರ್ ಸಾಬರ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಡಿಮೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. "ಇಲ್ಲಿ ನಿಲ್ದೇ ಇರೋ ಗಾಡೀನ ಇಲ್ಲಿ ಬಿಚ್ಚಿ ಏನ್ ನೋಡ್ಲಿ ಸಾರ್? ನಿಲ್ಲೋ ಜಾಗಕ್ಕೇ ಹೋಗಣ ನಡೀರಿ" ಎಂದು ಮುಂದಿನ ಸೋಮವಾರ ಬೆಳಿಗ್ಗೆ ನನ್ನ ಹಿಂದೆ ಕೂತರು. ಹೆಗ್ಗೆರೆ ಕಳೆಯಿತು. ಮಲ್ಲಸಂದ್ರದ ಹತ್ತಿರ ಗಾಡಿ ಎರಡು ಸಲ ಮುಗ್ಗರಿಸಿ, ಕೆಮ್ಮಿ, ನಿಂತಿತು. ಕೆಟ್ಟ ಗಾಡಿಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ನಾನು ಅಭ್ಯಾಸಬಲದಿಂದ ಮುಚ್ಚಳಕ್ಕೆ ಕೈ ಹಾಕಿದೆ. ಸಾಬರು ತಡೆದರು. ಟ್ಯಾಂಕಿಗೆ ಕಿವಿಯಿಟ್ಟು, "ಈಗ ನಿಧಾನಕ್ ತೆಗೀರಿ" ಎಂದರು. ತೆಗೆದೆ. ಟ್ಯಾಂಕು ಹುಸ್ಸೆಂದು ಗಾಳಿಯನ್ನು ಒಳಕ್ಕೆ ಎಳೆದುಕೊಂಡ ಸದ್ದು ನನಗೂ ಕೇಳಿಸಿತು. ಸಾಬರು ಮುಚ್ಚಳವನ್ನು ಬಿಸಿಲಿಗೆ ಹಿಡಿದು, ವರ್ಷಗಳಿಂದ ಪದರ ಕಟ್ಟಿ ಬೆಳ್ಳಗೆ ಗಟ್ಟಿಯಾಗಿದ್ದ ವಿಭೂತಿಯನ್ನು ಉಗುರಿನಿಂದ ಕೆರೆದರು. ಅದರಡಿ ಸೂಜಿಮೊನೆಯಷ್ಟು ಸಣ್ಣ ತೂತು. ಜೇಬಿನಿಂದ ಪಿನ್ನು ತೆಗೆದು ಚುಚ್ಚಿದರೆ ಸಿಮೆಂಟಿನಂಥ ಪುಡಿ ಉದುರಿತು. "ಪೆಟ್ರೋಲ್ ಕೆಳಕ್ಕೆ ಇಳೀಬೇಕಂದ್ರೆ ಮ್ಯಾಲಿಂದ ಗಾಳಿ ಬರ್ಬೇಕು. ಉಸ್ರು ಕಟ್ಟಿ ನಿಲ್ತಿತ್ತು ಪಾಪ. ಒಂದೊಂದ್ಸಲ ಒಣಗಿ ಉದ್ರುತ್ತೆ, ಆವತ್ತು ಓಡುತ್ತೆ" ಎಂದರು. ಆಮೇಲೆ ಮೆಲ್ಲಗೆ, "ಮನೇಲಿ ಪೂಜೆ ಅಮ್ಮನವ್ರದಾ?" ಎಂದು ಕೇಳಿದರು. ಹೌದೆಂದೆ. "ಬ್ಯಾಡ ಅನ್ಬೇಡಿ ಸಾರ್. ಜಾಗ ಬದ್ಲಾಯ್ಸಿ ಅಂತ ಹೇಳಿ ಸಾಕು."

ಅವರು ಬಸ್ಸು ಹತ್ತಿ ವಾಪಸ್ಸು ಹೋದರು. ನಾನು ಗುಬ್ಬಿಯವರೆಗೂ ನಾಚಿಕೆಯಲ್ಲೇ ಗಾಡಿ ಓಡಿಸಿದೆ. ಅದಕ್ಕೆ ಹಿಂದಿನ ವಾರವಷ್ಟೇ ಒಂಬತ್ತನೆಯ ತರಗತಿಗೆ ಗಾಳಿಯ ಒತ್ತಡದ ಪಾಠ ಮಾಡಿದ್ದೆ. ತೂತಿನ ಡಬ್ಬಕ್ಕೆ ನೀರು ತುಂಬಿ, ಮೇಲಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ, ಕೆಳಗಿನ ತೂತಿನಿಂದ ನೀರು ಬೀಳುವುದಿಲ್ಲ ನೋಡಿ ಎಂದು ಚಪ್ಪಾಳೆ ಗಿಟ್ಟಿಸಿದ್ದೆ. ಪಾಠ ಬಾಯಲ್ಲಿತ್ತು, ಡಬ್ಬ ತೊಡೆಗಳ ನಡುವೆ ಇತ್ತು, ಎರಡಕ್ಕೂ ಪರಿಚಯ ಮಾಡಿಸಲು ಮುನೀರ್ ಸಾಬರು ಬರಬೇಕಾಯಿತು. ನಂಜುಂಡಪ್ಪನವರಿಗೆ ವಿಷಯ ಹೇಳಿದೆ. ಅವರು ದೊಡ್ಡ ಮನಸ್ಸಿನಿಂದ ಕುದುರೆಯ ಮಾತೆತ್ತಲಿಲ್ಲ, ಸುಮ್ಮನೆ ಮೂಗು ಸವರಿಕೊಂಡರು.

ಕಾಯಿಲೆ ಪತ್ತೆಯಾಯಿತು, ಗಾಡಿಯೂ ಉಳಿಯಿತು. ಆದರೆ ಅಮ್ಮನಿಗೆ ಹೇಳುವುದು ಹೇಗೆ? ನನ್ನನ್ನು ಕಾಯುತ್ತದೆಂದು ಅವಳು ಹಚ್ಚುತ್ತಿದ್ದುದೇ ನನ್ನನ್ನು ದಾರಿಯಲ್ಲಿ ನಿಲ್ಲಿಸುತ್ತಿತ್ತು ಎಂದು ಯಾವ ಬಾಯಲ್ಲಿ ಹೇಳಲಿ? ವಾರವಿಡೀ ಮಾತು ಹುಡುಕಿದೆ. ಮುಂದಿನ ಸೋಮವಾರ ಅಮ್ಮ ಅಂಗೈಯಲ್ಲಿ ವಿಭೂತಿ ಹಿಡಿದು ಬಂದೇಬಿಟ್ಟಳು. ನಾನು ಹೆಲ್ಮೆಟ್ ಹಾಕಿಕೊಂಡು ನಿಂತು, ಗಾಳಿಯ ಒತ್ತಡ, ಆಂಶಿಕ ನಿರ್ವಾತ ಎಂದೆಲ್ಲ ದೂರದಿಂದ ಶುರುಮಾಡಿದೆ. ಅಮ್ಮ ಸ್ವಲ್ಪ ಕೇಳಿ, ಬಗ್ಗಿ ಮುಚ್ಚಳದ ತೂತು ನೋಡಿದಳು.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡುದ್ರೆ ಎಣ್ಣೆ ಸುರೀತದೇನ್ಲಾ? ಎರಡು ಹೊಡೀಬೇಕು ಅನ್ನೋದು ನಂಗೊತ್ತು. ಇಲ್ಲೊಂದು ತೂತೈತೆ ಅಂತ ಮೊದ್ಲೇ ಹೇಳ್ಬಾರ್ದಾ, ಮೇಷ್ಟ್ರಾಗಿ?" ಎಂದಳು. ಒಂದಿಷ್ಟೂ ನೊಂದುಕೊಂಡಂತೆ ಕಾಣಲಿಲ್ಲ. ನಾನು ನಿರಾಳವಾಗಿ, ಇನ್ನು ಮೇಲೆ ಹೆಡ್‌ಲೈಟಿನ ಮೇಲೆ ಹಚ್ಚಬಹುದು ಎಂದೆ.

"ಬುಡು, ಗಾಡಿಗ್ಯಾಕೆ?" ಎಂದಳು ಅಮ್ಮ. "ನಿನ್ ಹಣೆ ಸಿಗಲ್ಲ ಅಂತ ತಾನೆ ಅದ್ರ ಹಣೆಗೆ ಹಚ್ತಿದ್ದಿದ್ದು."

ನಾನು ಹೆಲ್ಮೆಟ್ ತೆಗೆದು ಬಗ್ಗಿದೆ. ಅಮ್ಮ ಇಷ್ಟು ಕುಳ್ಳಗಾಗಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ, ಇನ್ನೂ ಸ್ವಲ್ಪ ಬಗ್ಗಬೇಕಾಯಿತು. ಮೂರು ಬೆರಳು ತಣ್ಣಗೆ ಹಣೆಯ ಮೇಲೆ ಹರಿದವು. ಅಂದು ಗಾಡಿ ಮಲ್ಲಸಂದ್ರದಲ್ಲಿ ನಿಲ್ಲಲಿಲ್ಲ. ನಾನೇ ನಿಲ್ಲಿಸಿದೆ. ಹೆಲ್ಮೆಟ್ಟಿನೊಳಗೆ ಹಣೆ ವಿಪರೀತ ಕಡಿಯುತ್ತಿತ್ತು. ಕೆರೆದುಕೊಳ್ಳಲು ಕೈ ಎತ್ತಿದವನು, ಪಟ್ಟೆ ಅಳಿಸಿಹೋಗುತ್ತದಲ್ಲ ಎನಿಸಿ, ಹಾಗೇ ಕಿಕ್ ಹೊಡೆದು ಹೊರಟೆ.