ಸುಶೀಲಕ್ಕನ ಗಂಟಿನ ದಾರ

ಸುಶೀಲಕ್ಕಾ, ನಿಮ್ಮ ಟಿಕ್ಕುಗಳನ್ನು ನುಂಗಿದ್ದು ನಾನು ಬರೆದ ಕೋಡ್. ಅದು ಗೊತ್ತಾಗಿ ಆರು ವರ್ಷವಾಯಿತು — ನಿಮ್ಮ ಮುಖ ಕಂಡಾಗಲೆಲ್ಲ ಹೇಳಬೇಕೆಂದುಕೊಂಡೆ, ಆದರೆ...

ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರ ಆರೋಗ್ಯ ತಪಾಸಣೆಗೆ ಫಾರ್ಮ್ ಮಾಡಿಕೊಟ್ಟಿದ್ದೆ. ಕೆಮ್ಮು, ಬೆನ್ನುನೋವು, ಕೈ ಜೋಮು, ಕಣ್ಣುರಿ — ಇದ್ದದ್ದಕ್ಕೆಲ್ಲ ಟಿಕ್ ಹಾಕಬೇಕು. ಸ್ವತಃ ಬೀಡಿ ಕಟ್ಟುವ ನೀವು ಟ್ಯಾಬ್ ಹಿಡಿದು ಮನೆಮನೆ ಹೊಕ್ಕಿರಿ. ಮರಾಠಿಯವರನ್ನು ಮರಾಠಿಯಲ್ಲೇ ಮಾತಾಡಿಸಿದಿರಿ. ಟ್ಯಾಬನ್ನು ಪೂರ್ತಿ ನಂಬದೆ, ಬೀಡಿಯ ದಾರದಲ್ಲಿ ಟಿಕ್ಕಿಗೊಂದು ಗಂಟು ಹಾಕಿ, ಮನೆ ಮನೆಯ ನಡುವೆ ಗೇಣು ಜಾಗ ಬಿಟ್ಟಿರಿ. ಆ ಬುದ್ಧಿ ನನಗಿರಲಿಲ್ಲ. ಒಂದೇ ಟಿಕ್ ಹಾಕಿ ನೋಡಿ, ಆಯಿತೆಂದು ಕೈ ತೊಳೆದುಕೊಂಡಿದ್ದೆ.

ಕಂಪ್ಯೂಟರಿನಿಂದ ತೆಗೆದ ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದೇ ತೊಂದರೆ ಬಂದಿತ್ತು. ಬೇಸರಪಟ್ಟು ಏನೋ ಒಂದು ಒತ್ತಿ ಬಂದಿದ್ದೀರೆಂದು ತಪಾಸಣೆಯ ಡಾಕ್ಟರು ಸಭೆಯಲ್ಲೇ ಗದರಿದರು. ನೀವು ದಾರವನ್ನು ಮೇಜಿನ ಮೇಲಿಟ್ಟಿರಿ.

"ಎಣಿಸ್ರಿ. ಮೊದಲನೇ ಮನಿ ಗಂಗವ್ವಂದು. ನಾಕ್ ಗಂಟ ಅದಾವ."

ಎಲ್ಲರೂ ನನ್ನತ್ತ ತಿರುಗಿದರು.

"ಕಂಪ್ಯೂಟರ್ ಸುಳ್ಳ ಹೇಳೂದಿಲ್ರಿ," ಎಂದೆ.

ಅಂದು ಮಧ್ಯಾಹ್ನವೇ ಕೋಡ್ ತೆರೆದೆ. ಒಂದೇ ಹೆಸರಿನಲ್ಲಿ ಬರುವ ಟಿಕ್ಕುಗಳನ್ನೆಲ್ಲ ಸೇರಿಸಿಟ್ಟುಕೊಳ್ಳಬೇಕಿದ್ದ ನನ್ನ ಸರ್ವರ್, ಕೊನೆಯದೊಂದನ್ನು ಉಳಿಸಿ ಮಿಕ್ಕದ್ದನ್ನು ಬಿಸಾಡುತ್ತಿತ್ತು. ಗಂಗವ್ವನ ಕಣ್ಣುರಿ ಉಳಿದಿತ್ತು, ಕೆಮ್ಮು ಹೋಗಿತ್ತು. ಎರಡು ಸಾಲು ತಿದ್ದಿ ಸುಮ್ಮನಾದೆ. ಹೊಸ ಕೆಲಸ, ಊರಲ್ಲಿ ಹೆಸರು — ಇರಲಿ, ಅವೆಲ್ಲ ನೆಪ.

ಡಾಕ್ಟರು ಇನ್ನೊಮ್ಮೆ ಕೇಳಿ ಬರಲು ಹೇಳಿದ್ದಕ್ಕೆ ನೀವು ಮತ್ತೆ ಅಷ್ಟೂ ಮನೆ ತಿರುಗಿದಿರಿ, ಬೀಡಿ ಕಟ್ಟುವುದನ್ನು ಬಿಟ್ಟು. ಪ್ರತಿ ಮನೆಯಿಂದಲೂ ನನಗೆ ನಿಮ್ಮ ಫೋನು: "ಎಲ್ಲಾ ಬಂದಾವೇನ್ರಿ?" ಈ ಸಲ ಎಲ್ಲವೂ ಬಂದಿದ್ದವು. ನೀವು ಮೇಜಿನ ಮೇಲೆ ಬಿಟ್ಟುಹೋದ ದಾರವನ್ನು ಹಿಡಿದು ತಾಳೆ ನೋಡಿದೆ — ಒಂದು ಗಂಟೂ ತಪ್ಪಿರಲಿಲ್ಲ. ಎಂಥ ಹೆಣ್ಣುಮಗಳಪ್ಪಾ! ಗಂಗವ್ವನ ಎದೆಯಲ್ಲಿದ್ದ ರೋಗ ಸಿಕ್ಕಿ ಆಕೆ ಔಷಧಿ ತಗೊಂಡು ಗುಣವಾದದ್ದು ನಿಮ್ಮ ಆ ಎರಡನೇ ಸುತ್ತಿನಿಂದ. ಮನಸ್ಸಿನಲ್ಲೇ ಕೈ ಮುಗಿದೆ.

ಟ್ಯಾಬ್ ಒಪ್ಪಿಸುವಾಗ ನೀವು ನಕ್ಕಿರಿ. "ಮೊದಲ ಸಲ ನಂದ ಕೈ ತಪ್ಪಿತ್ತ ಕಾಣಸ್ತೈತ್ರಿ."

ಆಗಲೂ ನಾನು ಸುಮ್ಮನಿದ್ದೆ. ಅದು ಸಭೆಯಲ್ಲಿ ಆಡಿದ ಮಾತಿಗಿಂತ ದೊಡ್ಡ ಪಾಪ.

ಸೋಮವಾರ ಮತ್ತೆ ತಪಾಸಣೆಯ ಸಭೆಯಿದೆ. ಡಾಕ್ಟರು ಇರುತ್ತಾರೆ, ಗಂಗವ್ವ ಇರುತ್ತಾಳೆ. ಅಂದಿನಿಂದ ನನ್ನ ಬಳಿಯೇ ಇರುವ ನಿಮ್ಮ ದಾರವನ್ನು ಅದೇ ಮೇಜಿನ ಮೇಲಿಟ್ಟು ಹೇಳುತ್ತೇನೆ: ಎಣಿಸಿರಿ, ಅಕ್ಕನ ಕೈ ಎಂದೂ ತಪ್ಪಿರಲಿಲ್ಲ.