ಹೊರಸಿನ ಮೇಲಿನ ಸಾಹೇಬ

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು, ಹೆಗಲ ಚೀಲಕ್ಕೆ ಹೊಲಿದ ಬಿಲ್ಲೆಗನ್ನಡಿಯಲ್ಲಿ ಕೂದಲು ತೀಡಿಕೊಳ್ಳುವುದು ನನ್ನ ಚಟ. ಅದರಲ್ಲಿ ಮೂಗೊಂದೇ ತುಂಬಿಬಿಡುತ್ತದೆ. ನೀವು ನನ್ನ ಮೂಗು ನೋಡಿಲ್ಲವಲ್ಲ, ಕನ್ನಡಿಯದೇ ತಪ್ಪು ಅಂತ ನಂಬಿ.

ಚೀಲ ಹೊಲಿದವಳು ದೇವದುರ್ಗದ ಹತ್ತಿರದ ತಾಂಡಾದ ಸೋಮ್ಲಿಬಾಯಿ. ಲಂಬಾಣಿ ಕಸೂತಿ ಹಾಕುತ್ತಲೇ ಪದ ಕಟ್ಟುವಾಕೆ. ನಾನು ‘ಯಾಡಿ’ ಅಂತಿದ್ದೆ, ಅವರ ಮಾತಿನಲ್ಲಿ ತಾಯಿ. ಆಕೆಗೆ ನಾನು ‘ಮಂಗ್ಯಾ’.

ತಾಂಡಾದ ಶಾಲೆಯ ಪಕ್ಕ ಸಾರಾಯಿ ಮಾರುವ ಶೆರೆ ಅಂಗಡಿ ಬಂದು ಕೂತಿತ್ತು. ಎತ್ತಿಸಬೇಕೆಂದು ಹೆಂಗಸರು ತಾಲ್ಲೂಕು ಕಚೇರಿಗೆ ಹೋದರು. ಮಾನ್ವಿಯಿಂದ ಅರ್ಜಿ ಬರೆಯಲು ಬಂದ ನಾನು ಹಿಂದೆ ನಿಂತಿದ್ದೆ. ಸಾಹೇಬರು ಕೆಮ್ಮಿ, “ಮುಂದಿನ ವಾರ ಬರ್ರಿ” ಅಂದರು. ಅಷ್ಟಕ್ಕೇ ಎಲ್ಲರ ಬಾಯಿ ಕಟ್ಟಿತು, ನನ್ನದೂ.

“ಲೇ ಮಂಗ್ಯಾ, ಊರ ಮಂದೀನೆಲ್ಲ ಅಣಕಿಸ್ತಿ. ಸಾಹೇಬನ್ನ ಮಾಡು. ನಮ್ಮ ಅಂಜಿಕಿ ಹೋಗಬೇಕು” ಅಂದಳು ಯಾಡಿ.

ಯಾಡಿಯ ಅಂಗಳದ ಹೊರಸು, ಆ ಹಗ್ಗದ ಮಂಚವೇ, ಸಾಹೇಬರ ಕುರ್ಚಿಯಾಯಿತು. ಅದರ ಮೇಲೆ ಕೂತು ಕೆಮ್ಮಿದೆ. ಮೊದಲ ದಿನ ಎಲ್ಲರೂ ಸೆರಗು ಎಳೆದುಕೊಂಡರು. ಮೂರನೆಯ ದಿನ ಹೊರಸಿನ ಮೇಲೇ ನನಗೆ ಕುರ್ಚಿಯ ಮದ ಏರಿ, “ಏ ಮುದುಕಿ, ನಿಂಗೇನ್ ತಿಳಿತದ?” ಅಂದುಬಿಟ್ಟೆ.

ಯಾಡಿಯ ಸೂಜಿ ನಿಂತಿತು. “ಇದು ಸಾಹೇಬನ ಮಾತಲ್ಲೋ. ನಿಂದು.”

ಹೊರಸಿನಿಂದ ಇಳಿದೆ.

“ಎಲ್ಲಿ ಹೊಂಟಿ? ಕೂಡು. ಇನ್ನೊಮ್ಮೆ ಅನ್ನು. ನಾ ಉತ್ತರ ಕೊಡೂದು ಕಲೀಬೇಕಲ್ಲ!”

ಮುಂದಿನ ವಾರ ಸಾಹೇಬರು ಮತ್ತೆ ಕೆಮ್ಮಿದರು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. “ಯಾಕ್ರಿ?” ಅಂತ ಅವರು ಕೇಳಿದರೆ ಒಬ್ಬಾಕೆ, “ನೀವೂ ನಮ್ಮ ಮಂಗ್ಯಾನ್ಹಂಗ ಮಾಡ್ತೀರಲ್ರೀ!” ನಾನು ಬಾಗಿಲ ಮರೆಗೆ ಸರಿದೆ. ಯಾಡಿ ಮೇಜಿನ ಮೇಲೆ ತನ್ನ ಕಸೂತಿ ಹಾಸಿದಳು: ಒಂದು ಕಡೆ ಶಾಲೆ, ಒಂದು ಕಡೆ ಅಂಗಡಿ, ನಡುವೆ ಮಕ್ಕಳು, ತಲೆಯ ಜಾಗದಲ್ಲೆಲ್ಲ ಕನ್ನಡಿ. ಆಮೇಲೆ ಹಾಡಿದಳು:

ಮುಂದಿನ ವಾರ ಅಂತೀರಿ ಸಾಹೇಬ
ಮಗ್ಗಿ ಕಲಿಯೋ ಕೂಸು ಕುಂತದ
ಶೆರೇದ ವಾಸನಿ ವಾರ ಕಾಯಲಿಲ್ಲ
ಇವತ್ತ ಕಿಟಕ್ಯಾಗ ಬಂದದ

ಬಗ್ಗಿ ನೋಡಿದ ಸಾಹೇಬರಿಗೆ ಪ್ರತಿ ಮಗುವಿನ ತಲೆಯಲ್ಲೂ ತಮ್ಮದೇ ಮುಖ. ಅಂದು ಎರಡನೇ ಸಲ ಕೆಮ್ಮಲಿಲ್ಲ. ಇನ್ನೂ ನಾಲ್ಕು ಸಲ ಕಚೇರಿಗೆ ತಿರುಗಿದ ಮೇಲೆ ಅಂಗಡಿ ಅಲ್ಲಿಂದ ಎದ್ದು ಹೋಯಿತು.

ಮೊನ್ನೆ ರಾಯಚೂರಿನ ಹೆಂಗಸರ ಸಭೆಯಲ್ಲಿ ಯಾಡಿ ಮೈಕು ಹಿಡಿದು ನನ್ನನ್ನೇ ಅಣಕಿಸಿದಳು: ಕೂದಲು ತೀಡುವುದು, ಕೆಮ್ಮು, ಕೊನೆಗೆ ಆ “ಏ ಮುದುಕಿ”. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಅಗೋ, ಬಸ್ಸು ಬಂತು. ಹತ್ತಿ ಸೀಟು ಹಿಡಿದೆ. ಮುದುಕಿಯೊಬ್ಬಳು ನನ್ನ ಕಾಲು ತುಳಿದು ನುಗ್ಗಿದಳು. ನಾಲಿಗೆ ತುದಿಗೆ ಏನೋ ಬಂದಿತ್ತು. ಚೀಲದ ಕನ್ನಡಿ ಕಣ್ಣಿಗೆ ಬಿತ್ತು.

“ಬರ್ರಿ ಯವ್ವಾ,” ಅಂದೆ, “ಇಲ್ಲಿ ಕೂಡ್ರಿ.”