ಬೋರಲು ಜೋಡಿಸಿದ ನಕ್ಷತ್ರಗಳು

ಮುಫದ್ದಲನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳು. ಮೊರಾಕ್ಕೋದ ಫೆಸ್ ಪಟ್ಟಣದ ಹಳೇ ಓಣಿಗಳೇ ಹಾಗೆ. ಆಚೆ ಮನೆಯಲ್ಲಿ ಸೀನಿದರೆ ಈಚೆ ಮನೆಯವರು "ದೇವರು ಕರುಣಿಸಲಿ" ಅನ್ನಬೇಕು. ಗಂಡ ಹೆಂಡಿರು ಮಾತಿಗೆ ಕೂತರೆಂದರೆ ನಮಗೆ ರೊಟ್ಟಿಗೆ ನಂಚಿಕೊಳ್ಳಲು ಬೇರೇನೂ ಬೇಡ. ಹಾಗಾಗಿ ಅವನ ಕಥೆಯಲ್ಲಿ ಅರ್ಧ ನಾನು ಕಂಡದ್ದು, ಇನ್ನರ್ಧ ಗೋಡೆ ಹೇಳಿದ್ದು.

ಮುಫದ್ದಲ್ ಜಲ್ಲೀಜ್ ಕೆಲಸದವನು. ಮಸೀದಿಯ ಗೋಡೆಗೆ, ಬೀದಿಯ ನೀರಿನ ತೊಟ್ಟಿಗೆ ಬಣ್ಣದ ಬಿಲ್ಲೆಗಳ ಚಿತ್ತಾರ ಮಾಡುತ್ತಾರಲ್ಲ, ಆ ಕೆಲಸ. ಅದರಲ್ಲಿ ಎರಡು ಪಂಗಡ. ಕಡಿಯುವವರು ಮೆರುಗಿನ ಹೆಂಚಿಗೆ ಸುತ್ತಿಗೆಯಿಂದ ಏಟು ಕೊಟ್ಟು ಕೊಟ್ಟು ನಕ್ಷತ್ರ, ಬಾದಾಮಿ, ಎಲೆ ಎಲ್ಲ ಹೊರಡಿಸುತ್ತಾರೆ. ಜೋಡಿಸುವವರು ಆ ಬಿಲ್ಲೆಗಳನ್ನು ನೆಲದ ಮೇಲೆ ಬೋರಲು ಹಾಕುತ್ತಾರೆ. ಬಣ್ಣ ಕೆಳಕ್ಕೆ, ಮಣ್ಣು ಮೇಲಕ್ಕೆ. ಬೆನ್ನಿನ ಮೇಲೆ ಗಾರೆ ಸುರಿದು, ಒಣಗಿದ ಮೇಲೆ ಎತ್ತಿ ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ಚಿತ್ತಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಹಸಿರಿರಲಿ ನೀಲಿಯಿರಲಿ, ಬೆನ್ನು ಮಾತ್ರ ಎಲ್ಲಕ್ಕೂ ಒಂದೇ ಮಣ್ಣುಬಣ್ಣ.

ಮುಫದ್ದಲ್ ಕಡಿಯುವ ಪಂಗಡ. ಅದರ ಜಂಬ ಅವನ ಮೀಸೆಗಿಂತ ದೊಡ್ಡದು. ಜೋಡಿಸುವ ಅಲ್ಲಾಲನನ್ನು ಕಂಡರೆ ಸಾಕು, ಶುರು.

"ಏನಪ್ಪಾ ಅಲ್ಲಾಲ್, ಇವತ್ತೂ ಬೆನ್ನು ಉಜ್ಜೋ ಕೆಲಸಾನಾ? ಹಮ್ಮಾಮಿಗೇ ಸೇರ್ಕೋಬಾರ್ದಾ? ಬಿಸಿನೀರಾದ್ರೂ ಸಿಗುತ್ತೆ."

"ನೀನು ಕುಟ್ಟು ಮಾರಾಯ. ಅಕ್ರೋಟು ಒಡೆಯೋದನ್ನೇ ಕಲೆ ಅಂದ್ಕೊಂಡೋನು ನೀನು."

ಮೂವತ್ತು ವರ್ಷ ಇದೇ ಮಾತು. ಇಬ್ಬರಿಗೂ ಬೇಸರ ಬರಲಿಲ್ಲ.

ಐವತ್ಮೂರು ದಾಟಿದ ವರ್ಷ ಮುಫದ್ದಲನ ನೋಟದ ನಟ್ಟನಡುವೆ ಹೊಗೆ ಕೂತಿತು. ಯಾರಿಗೂ ಹೇಳದೆ ಅಂದಾಜಿನ ಮೇಲೆ ಕಡಿದ. ಒಂದು ದಿನ ಕಾರ್ಖಾನೆಯ ಯಜಮಾನ, ಕಸುಬಿನ ಗುರು ಎಂದು ಎಲ್ಲರೂ ಮಾಲೆಮ್ ಅನ್ನುವ ಬುಶ್ತಾ, ಅವನು ಕಡಿದ ನಕ್ಷತ್ರಗಳನ್ನು ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡು ಎಣಿಸಿದ. ಎಂಟು ಮೂಲೆ ಇರಬೇಕಾದ ನಕ್ಷತ್ರಕ್ಕೆ ಏಳೇ ಮೂಲೆ. ಒಂದಕ್ಕಲ್ಲ, ಹನ್ನೊಂದಕ್ಕೆ. ವೈದ್ಯರು ನೋಡಿ, ಕಣ್ಣಿನ ಹಿಂದಿನ ಪರದೆಯೇ ಸವೆದಿದೆ, ಕನ್ನಡಕದಿಂದ ಉಪಯೋಗವಿಲ್ಲ ಎಂದರು.

"ಸುತ್ತಿಗೆ ಕೆಳಗಿಡು, ಮುಫದ್ದಲ್," ಎಂದ ಬುಶ್ತಾ. "ನಿನ್ನ ಬೆರಳು ಹಾರಿಹೋಗೋದನ್ನ ನಾನು ನೋಡಲಾರೆ."

ಹತ್ತು ವರ್ಷದವನಿದ್ದಾಗ ಹಿಡಿದ ಸುತ್ತಿಗೆ. ಬೇರೆ ಕೆಲಸ ಗೊತ್ತಿಲ್ಲ, ಬೇರೆ ಜಾಗವೂ ಗೊತ್ತಿಲ್ಲ. ಬೆಳಗಾದರೆ ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಕೂತ. ಆಗ ನಮ್ಮ ಗೋಡೆ ಅವನ, ಅವನ ಹೆಂಡತಿ ಜೊಹ್ರಾಳ ದನಿಯಲ್ಲಿ ಮಾತಾಡತೊಡಗಿತು.

"ನಲವತ್ತು ವರ್ಷ ಆ ಮೇಲಿನವನ ಮನೆ ಗೋಡೆಗೇ ನಕ್ಷತ್ರ ಕಡಿದೆ, ಜೊಹ್ರಾ. ಅವನಿಗೆ ನನ್ನ ಕಣ್ಣೇ ಬೇಕಾಗಿತ್ತಾ? ಆ ಅಲ್ಲಾಲನದು ತಗೋಬಹುದಿತ್ತಲ್ಲ! ಹೇಗೂ ಬೆನ್ನು ನೋಡೋ ಕಣ್ಣು!"

"ತೋಬಾ ಮಾಡ್ಕೊಳ್ರಿ! ಪೊಲೀಸರಿಗೆ ಹೆಸರು ಕೊಟ್ಟ ಹಾಗೆ ದೇವರಿಗೆ ಕೊಡ್ತಾರಾ ಯಾರಾದ್ರೂ?"

"ಇದರಲ್ಲಿ ಏನು ಒಳ್ಳೇದಿದೆ ಹೇಳು ನೋಡೋಣ. ಒಂದೇ ಒಂದು ಹೇಳು."

"ನಂಗೇನು ಗೊತ್ತು? ನಾನೇನು ಅವನ ಕಾರ್ಖಾನೇಲಿ ಕೆಲಸಕ್ಕಿದೀನಾ? ಒಂದು ಮಾತು ಕೇಳ್ತೀನಿ. ಅಲ್ಲಾಲ್ ಅರ್ಧ ಜೋಡಿಸಿರ್ತಾನೆ, ನಾನು ಬಂದು ಇಣುಕಿ, 'ಅಯ್ಯೋ, ಇದೇನ್ರೀ, ಬರೀ ಮಣ್ಣು' ಅಂದ್ರೆ ನೀವು ಏನಂತೀರಿ?"

"ಎತ್ತೋತನಕ ಬಾಯ್ಮುಚ್ಕೊಂಡಿರು ಅಂತೀನಿ."

"ಹ್ಞಾ. ನಾನೂ ಅದನ್ನೇ ಹೇಳ್ತಿರೋದು."

ಆಮೇಲೆ ಚಹಾದ ಲೋಟ ಕೆಳಗಿಟ್ಟ ಸದ್ದು ಕೇಳಿತು. ಹಾಗಂತ ಅವನು ಒಪ್ಪಿಕೊಂಡ ಅಂತಲ್ಲ. ಮಾರನೇ ದಿನ ಮತ್ತೆ ಅದೇ ತಕರಾರು.

ಆ ಚಳಿಗಾಲ ನಮ್ಮ ಮಸೀದಿಯ ಅಂಗಳದ ನೀರಿನ ತೊಟ್ಟಿಗೆ ಹೊಸ ಫಲಕ ಬೇಕಾಯಿತು. ಉಪವಾಸದ ತಿಂಗಳಿಗೆ ಮೊದಲು ನಿಲ್ಲಿಸಬೇಕು. ಅದೇ ಹೊತ್ತಿಗೆ ಮೆಕ್ನೆಸಿನಲ್ಲಿ ಅಲ್ಲಾಲನ ಮಗಳಿಗೆ ಅವಳಿ ಮಕ್ಕಳಾದವು, ಹೆಸರಿಡುವ ಶಾಸ್ತ್ರಕ್ಕೆ ಹೋದ ಅಜ್ಜ ಅಲ್ಲೇ ಠಿಕಾಣಿ ಹೂಡಿದ. ಬುಶ್ತಾ ಬೇರೆ ಇಬ್ಬರನ್ನು ಕೂರಿಸಿ ನೋಡಿದ. ಅವರದು ಚುರುಕು ಕಣ್ಣು, ಅದೇ ತೊಂದರೆ. ಇಟ್ಟ ಬಿಲ್ಲೆಯನ್ನು, ಬಣ್ಣ ಸರಿಯಿದೆಯೋ ಇಲ್ಲವೋ ಎಂದು ಎತ್ತಿ ಎತ್ತಿ ನೋಡುವರು. ಎತ್ತಿದರೆ ಪಕ್ಕದ್ದು ಸರಿಯುವುದು. ಅದನ್ನು ಸರಿಮಾಡುವಷ್ಟರಲ್ಲಿ ಸಾಲೇ ಸೊಟ್ಟ.

ಬುಶ್ತಾ ಏದುಸಿರು ಬಿಡುತ್ತ ಮುಫದ್ದಲನ ಬಾಗಿಲಿಗೆ ಬಂದ.

"ಬೆನ್ನು ಉಜ್ಜೋಕೆ ಬರ್ತೀಯಾ?"

"ಕಣ್ಣಿಲ್ಲದವನನ್ನ ಅಣಕಿಸೋಕೆ ಬಂದ್ಯಾ ಮಾಲೆಮ್?"

"ಅಣಕಿಸೋಕೆ ಈ ಮಂಡಿ ಇಟ್ಕೊಂಡು ಇಷ್ಟು ಮೆಟ್ಟಿಲು ಹತ್ತಿ ಬರ್ತೀನಾ? ಎತ್ತಿ ನೋಡೋ ಚಟ ಇಲ್ಲದವನು ಒಬ್ಬ ಬೇಕು ನಂಗೆ. ಆದ್ರೆ ಮೊದಲೇ ಹೇಳ್ಬಿಡ್ತೀನಿ. ಕೆಟ್ಟರೆ ಇಡೀ ಫಲಕ ಒಡೆದು ಹಾಕ್ಬೇಕು. ಮತ್ತೆ ನಿನ್ನ ಕರೆಯೋಕೆ ನಂಗೆ ಮುಖ ಇರಲ್ಲ."

ಮುಫದ್ದಲ್ ಹೋದ. ಬುಶ್ತಾನೇ ಬುಟ್ಟಿಗಳನ್ನು ಸಾಲಾಗಿ ಇಟ್ಟುಕೊಟ್ಟ: ಬಲಕ್ಕೆ ಬಿಳಿ, ಆಮೇಲೆ ಕಪ್ಪು, ಹಸಿರು, ನೀಲಿ, ಕೊನೆಗೆ ಜೇನುಬಣ್ಣ. ಬಣ್ಣವನ್ನು ಬುಟ್ಟಿ ಹೇಳುತ್ತಿತ್ತು, ಆಕಾರವನ್ನು ಹೆಬ್ಬೆರಳು ಹೇಳುತ್ತಿತ್ತು. ನಲವತ್ತು ವರ್ಷ ತಾನೇ ಕಡಿದ ತುಂಡುಗಳಲ್ಲವೇ, ಯಾವುದರ ಮೊಣಕೈ ಯಾವುದರ ಕಂಕುಳಿಗೆ ಕೂರುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎತ್ತಿ ನೋಡುವ ಆಸೆಯೇನೋ ಇತ್ತು, ಎತ್ತಿದರೂ ಕಾಣದು. ಇಟ್ಟ, ಮುಂದೆ ಸರಿದ. ಏಳನೇ ದಿನ ಗಾರೆ ಸುರಿದರು. ಒಣಗುವ ಮೂರು ದಿನ ಅವನು ಸರಿಯಾಗಿ ಉಣ್ಣಲಿಲ್ಲ.

ಎತ್ತುವ ದಿನ ನಾನೂ ಹೋಗಿದ್ದೆ. ಆರು ಜನ ಬಿಸ್ಮಿಲ್ಲಾ ಎಂದು ಎತ್ತಿ ನಿಲ್ಲಿಸಿದರು. ಆಮೇಲೆ ಎಲ್ಲರೂ ಒಟ್ಟಿಗೇ: ವಾಹ್, ಬಾರಕಲ್ಲಾ, ನಿನ್ನ ಕೈಗೆ ದೃಷ್ಟಿ ಬೀಳದಿರಲಿ! ಬುಶ್ತಾ ಅವನ ಹಣೆಗೆ ಮುತ್ತಿಟ್ಟ. ಮುಫದ್ದಲನ ಮುಖ ಮಾತ್ರ ಅರಳಲಿಲ್ಲ. ಅವನಿಗೆ ಕಂಡದ್ದು ಹಸಿರು ನೀಲಿ ಕದಡಿದ ಮಬ್ಬು, ಅಷ್ಟೇ.

ಮನೆಗೆ ಬರುವ ದಾರಿಯಲ್ಲಿ ನನ್ನ ತೋಳು ಹಿಡಿದುಕೊಂಡು, "ಸುಳ್ಳು ಹೇಳ್ತಿದಾರೆ. ಕಣ್ಣು ಹೋದವನಿಗೆ ಯಾರು ನಿಜ ಹೇಳ್ತಾರೆ?" ಎಂದ.

"ನನ್ನಾಣೆ, ಚೆನ್ನಾಗಿದೆ ಮುಫದ್ದಲ್."

"ನೀನು ನನ್ನ ಹೆಂಡತಿ ಕೈಯಡುಗೆ ಉಂಡವನು. ನಿನ್ನ ಸಾಕ್ಷಿ ನಡೆಯಲ್ಲ."

ಕನಿಕರಕ್ಕೆ ಹೊಗಳಿದರು, ಕನಿಕರಕ್ಕೇ ಕೆಲಸ ಕೊಟ್ಟಾರು, ಅಂಥ ಕೆಲಸ ಬೇಡ ಎಂದು ಹಟ ಹಿಡಿದ. ಎರಡು ದಿನ ಬಿಟ್ಟು ಅಲ್ಲಾಲ್ ಮೆಕ್ನೆಸಿನಿಂದ ಬಂದ ಸುದ್ದಿ ಸಿಕ್ಕಿದ್ದೇ, ಚಪ್ಪಲಿ ಅದಲುಬದಲು ಹಾಕಿಕೊಂಡು ಕಾರ್ಖಾನೆಗೆ ಓಡಿದ. ನಾನು ಹಿಂದಿನಿಂದ.

ಅಲ್ಲಾಲ್ ಫಲಕದ ಮುಂದೆ ನಿಂತಿದ್ದ. ಕುಕ್ಕರಗಾಲಲ್ಲಿ ಕೂತ. ಎದ್ದ. ಎಡಕ್ಕೆ ಹೋದ, ಬಲಕ್ಕೆ ಬಂದ. ಮೂಗು ತಾಗುವಷ್ಟು ಹತ್ತಿರ ಬಗ್ಗಿದ.

"ಯಾರು ಮಾಡಿದ್ದಿದು?"

"ನಾನು," ಎಂದ ಮುಫದ್ದಲ್.

"ಐದನೇ ಸಾಲು, ಎಡಗಡೆಯಿಂದ ಮೂರನೇ ನಕ್ಷತ್ರ. ಹಸಿರು ಬಾದಾಮಿ ಇರ್ಬೇಕಾದ ಕಡೆ ನೀಲಿ ತುರುಕಿದೀಯಲ್ಲೋ, ಕತ್ತೆ!"

"ಮತ್ತೆ?"

"ಮತ್ತೇನು?"

"ಇನ್ನೂ ಏನೇನು ತಪ್ಪಿದೆ, ಹೇಳೋ! ಬೈಯೋ!"

"ಇದ್ದಿದ್ರೆ ಬಿಡ್ತಿದ್ನಾ?" ಅಲ್ಲಾಲ್ ಕೂಗಿಯೇಬಿಟ್ಟ. "ಮೂವತ್ತು ವರ್ಷದಿಂದ ಇದಕ್ಕೇ ಕಾದಿದ್ದೆ ಕಣೋ ನಾನು! ಹುಡುಕಿ ಹುಡುಕಿ ಒಂದೇ ಸಿಕ್ತು!"

ಮುಫದ್ದಲ್ ಅಲ್ಲೇ ಗಾರೆಯ ಧೂಳಿನಲ್ಲಿ ಕುಸಿದು ಕೂತ. ನಕ್ಕನೋ ಅತ್ತನೋ, ಎರಡೂ ಒಟ್ಟಿಗೇ ಬಂದವು. ಅಷ್ಟು ಜನರ ವಾಹ್‌ವಾ ನಂಬದವನು ಒಂದು ಬೈಗುಳ ನಂಬಿದ. ಅಲ್ಲಾಲನಿಗೆ ಏನು ಮಾಡಬೇಕೋ ತೋಚದೆ, ಅವಳಿಗಳ ಹೆಸರಿಗೆಂದು ತಂದಿದ್ದ ಖರ್ಜೂರದ ಪೊಟ್ಟಣವನ್ನು ಅವನ ಮಡಿಲಿಗೆ ಹಾಕಿದ.

ಈಗ ಇಬ್ಬರೂ ಒಂದೇ ಚಾಪೆಯ ಎರಡು ತುದಿಯಲ್ಲಿ ಕೂತು ಜೋಡಿಸುತ್ತಾರೆ. ಮೊನ್ನೆ ನಾನು ಹೋದಾಗ ಕೇಳಿಯೇಬಿಟ್ಟೆ: "ಹಾಗಾದ್ರೆ ಕಣ್ಣು ಮಂಜಾಗಿದ್ದು ಒಳ್ಳೇದಕ್ಕೇ ಅಂತೀಯಾ?"

"ಹಾಗಂದೋರ ಬಾಯಿಗೆ ಗಾರೆ," ಎಂದ. "ಈಗ ವಾಪಸ್ ಕೊಟ್ರೂ ಎರಡೂ ಕೈಯಲ್ಲಿ ತಗೋತೀನಿ. ಆದ್ರೆ ಮುಂಚೆ, ನಂಗೆ ಕಾಣದಿದ್ರೆ ಅಲ್ಲಿ ಏನೂ ಇಲ್ಲ ಅಂತಿದ್ದೆ. ಈಗ ಹಾಗನ್ನಲ್ಲ. ಮೇಲಿನವನು ಜೋಡಿಸ್ತಿದಾನೆ, ಜೋಡಿಸ್ಲಿ. ನಡುವೆ ಎತ್ತಿ ನೋಡಿ ನಾನ್ಯಾಕೆ ಸಾಲು ಕೆಡಿಸ್ಲಿ?"

"ಪ್ರವಚನ ಆಮೇಲೆ," ಎಂದು ಅಲ್ಲಾಲ್ ಆ ತುದಿಯಿಂದ ಗದರಿದ. "ಹಸಿರು ಕೊಡೋ. ಹಸಿರು ಅಂದೆ, ತಿಳೀತಾ?"

ಮುಫದ್ದಲ್ ಮೂರನೇ ಬುಟ್ಟಿಗೆ ಕೈ ಹಾಕಿದ.